ಏಳನೇ ತೂಬು

ಗುರುವಾರ ನಮ್ಮ ಬ್ಯಾಚಿಗೆ ಉಸಿರು ಕಟ್ಟುವ ಪ್ರಯೋಗ.
ಮೂಗು ಹಿಡಿದು ಸ್ಟೂಲಿನ ಮೇಲೆ ಕೂರಬೇಕು,
ಎದುರಿನವಳು ಸ್ಟಾಪ್‌ವಾಚ್ ಒತ್ತಬೇಕು.
ನಿಖತ್ ನಲವತ್ತೊಂದು ಸೆಕೆಂಡಿಗೇ ಕೈ ಬಿಟ್ಟಳು.
ನಾನು ಒಂದು ನಿಮಿಷ ಹನ್ನೆರಡು.
ನಾಲೆಯಲ್ಲಿ ಈಜು ಕಲಿತವಳು, ಬೀಗಿದೆ.
ಅನಸೂಯ ಮೇಡಂ ರಿಜಿಸ್ಟರಿನಿಂದ ತಲೆ ಎತ್ತದೆ ಅಂದರು:
ಹಿಡಿದದ್ದು ನೀನು, ಸರಿ.
ಬಿಡಿಸಿದ್ದು ಯಾರು?

ಮಂಡ್ಯದಿಂದ ಕೊನೇ ಬಸ್ಸು.
ಕಿಟಕಿಗೆ ತಲೆಯಿಟ್ಟು ಅದನ್ನೇ ಯೋಚಿಸಿದೆ,
ಕಾರ್ಖಾನೆಯ ಕಾಕಂಬಿ ವಾಸನೆ
ಒಳಗೆ ಬಂದು, ಸೀಟುಗಳ ನಡುವೆ ಓಡಾಡಿ, ಇಳಿದು ಹೋಗುವವರೆಗೂ.

ಅಪ್ಪನದು ಸೌಡಿ ಕೆಲಸ.
ಏಳನೇ ತೂಬಿನಿಂದ ಕೆಳಗೆ ನೂರಾ ಹತ್ತು ಎಕರೆ ಅವನ ಲೆಕ್ಕ.
ಸರದಿ ಬಂದ ರಾತ್ರಿ ಬ್ಯಾಟರಿ, ಗುದ್ದಲಿ, ಕಂಬಳಿ, ಎಲೆಅಡಿಕೆ;
ಆ ತಿಂಗಳು ಪರೀಕ್ಷೆ, ಹಾಗಾಗಿ ನಾನೂ, ನನ್ನ ಪುಸ್ತಕವೂ.
ಮನೆಯಲ್ಲಿ ಟೀವಿ, ತೂಬಿನ ಹತ್ತಿರ ಕಪ್ಪೆ.
ಕಪ್ಪೆ ವಾಸಿ.

ಜೋರಾಗಿ ಓದಮ್ಮಿ, ಅಂದ, ನಂಗೂ ನಿದ್ದೆ ಬರದಂಗಾಯ್ತದೆ.
ಓದಿದೆ: ಎರಡು ಮೂತ್ರಪಿಂಡ ಸೇರಿ ದಿನಕ್ಕೆ ಸೋಸುವುದು
ನೂರಾ ಎಂಬತ್ತು ಲೀಟರ್.
ಅಪ್ಪ ಬೆರಳು ಮಡಿಸಿದ. ಹನ್ನೆರಡು ಕೊಡ.
ಹೊರಗೆ ಬಿಡುವುದು ಒಂದೂವರೆ ಲೀಟರ್.
ಒಂದು ಚೊಂಬು. ಮಿಕ್ಕಿದ್ದು?
ದಾರಿಯಲ್ಲೇ ಹಿಂದಕ್ಕೆ ಎಳೆದುಕೊಳ್ಳುತ್ತವೆ, ಅಪ್ಪ,
ಉಪ್ಪು, ಸಕ್ಕರೆ, ನೀರು, ಎಷ್ಟು ಬೇಕೋ ಅಷ್ಟು.
ಎಷ್ಟು ಬೇಕು ಅಂತ ಯೋಳೋರ್ಯಾರು?
ತಲೆಯೊಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ.
ರಕ್ತ ಗಟ್ಟಿಯಾದರೆ ಅದು ಒಂದಿಷ್ಟು ರಸ ಬಿಟ್ಟು
ಹೇಳಿ ಕಳಿಸುತ್ತದೆ: ನೀರು ಹಿಡಿ.
ತೆಳುವಾದರೆ ಸುಮ್ಮನಿರುತ್ತದೆ. ಸುಮ್ಮನಿದ್ದರೆ, ಬಿಡು ಅಂತ.
ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ತುಂಬ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಕೇಳಿದ: ಆ ಕಡಲೆಕಾಳಿಗೆ ಸಂಬಳ ಎಷ್ಟು?

ಒಂದೂವರೆಗೆ ಸೈಕಲ್ ಸದ್ದು. ಬಾಲದ ಗದ್ದೆಯ ಪುಟ್ಟಮಾದಯ್ಯ:
ನನ್ ಮಡಿಗೆ ಒಂದ್ ತೊಟ್ಟೂ ಬಂದಿಲ್ಲ ಕಣಪ್ಪ.
ಅಪ್ಪ ಎದ್ದ. ತಿರುಪು ಎರಡು ಸುತ್ತು ಏರಿಸಿದ.
ಎರಡೂಕಾಲಿಗೆ ಮೇಲಿನ ಗದ್ದೆಯ ಬೋರಮ್ಮನ ಮೊಮ್ಮಗ ಓಡಿ ಬಂದ:
ಬದ ಒಡೀತಾ ಅದೆ!
ಒಂದು ಸುತ್ತು ಇಳಿಸಿದ. ಬೈಸಿಕೊಂಡ, ಬೈದ, ಮತ್ತೆ ಏರಿಸಿದ.
ಪುಸ್ತಕದ ಅಂಚಿನಲ್ಲಿ ನಾನು ಗೀಟು ಹಾಕುತ್ತ ಹೋದೆ;
ಬೆಳಗಾಗುವಷ್ಟರಲ್ಲಿ ಏರಿಸಿದ್ದು ಆರು, ಇಳಿಸಿದ್ದು ಐದು.
ಕಲ್ಲಿಗೆ ಬಳಿದ ಕೆಂಪು ಗೆರೆಯಲ್ಲಿ ನೀರು
ಒಂದು ಗಳಿಗೆಯೂ ನಿಂತಿರಲಿಲ್ಲ,
ಬೆರಳಷ್ಟು ಮೇಲೆ, ಬೆರಳಷ್ಟು ಕೆಳಗೆ.
ನನ್ನ ಪುಸ್ತಕದಲ್ಲಿ ಅದೇ ಗೆರೆ, ಮೂವತ್ತೇಳು ಡಿಗ್ರಿಯ ಎದುರು,
ಸ್ಕೇಲಿಟ್ಟು ಎಳೆದಂತೆ ನೆಟ್ಟಗಿತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು,
ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ ಕೇಳಿದರು:
ದೇಹದ ಒಳಸಮತೋಲನ ಅಂದರೆ?
ವ್ಯಾಖ್ಯೆ ಬಾಯಿಪಾಠವಿತ್ತು. ಬಾಯಿಗೆ ಬಂದದ್ದು ಬೇರೆ:
ರಾತ್ರಿಯೆಲ್ಲ ಯಾರೋ ಒಬ್ಬರು ಎದ್ದಿರುವುದು, ಸರ್.
ಬಿಸ್ಕತ್ತು ಮುರಿದು ಲೋಟಕ್ಕೆ ಬಿತ್ತು.
ಇಪ್ಪತ್ತಕ್ಕೆ ಹನ್ನೊಂದು.

ಅವರಿಗೆ ಹೇಳದೆ ಉಳಿದದ್ದು ಇನ್ನೊಂದಿತ್ತು.
ಆ ಬೆಳಗಿನ ಜಾವ ನೀರು ಬಾಲ ಮುಟ್ಟಿದ ಸುದ್ದಿ ಬಂದ ಮೇಲೆ
ಅಪ್ಪ ನಾಲೆಯ ಏರಿಯ ಮೇಲೆ ಹಾಗೇ ಮಲಗಿಬಿಟ್ಟ.
ಅಭ್ಯಾಸವಾಗಲಿ ಎಂದು ಅವನ ಮಣಿಕಟ್ಟು ಹಿಡಿದೆ,
ವಾಚು ನೋಡುತ್ತ ಎಣಿಸಿದೆ. ಅರವತ್ತೆರಡು.
ಮಂಜಿಗೆ ತೋಳಿನ ಕೂದಲು ನಿಮಿರಿತ್ತು,
ಭುಜ ಸಣ್ಣಗೆ ನಡುಗುತ್ತಿತ್ತು,
ಅವನನ್ನು ಎಬ್ಬಿಸದೆ, ಅವನನ್ನು ಕೇಳದೆ.
ಕಂಬಳಿ ಎಳೆದು ಕತ್ತಿನವರೆಗೆ ಹೊದಿಸಿದೆ.
ನಡುಕ ನಿಂತಿತು.
ಕಪ್ಪೆಗಳೂ ನಿಂತಿದ್ದವು, ಯಾವಾಗಲೋ.
ಒಸಿ ಹೊತ್ತಿಗೆ, ನಿದ್ದೆಯಲ್ಲೇ,
ಒಂದು ಕಾಲು ಆಚೆ ಹಾಕಿದ.