ಎದೆ ಅಂದೆ

ಬೆಳಗಿನ ಆರೂಕಾಲರ ಗಾಡಿ, ಕಾರವಾರದಿಂದ ಅಂಕೋಲೆಗೆ.
ಬಿಣಗಾ ಘಟ್ಟ ಏರುವಾಗಲೇ ಸುರುವಾಗುತ್ತಿತ್ತು,
ಎಡಮೊಲೆಯ ಅಡಿಗೆ, ಬ್ಯಾಗಿನ ಪಟ್ಟಿ ಅಡ್ಡ ಹಾಯುವಲ್ಲಿ,
ಚಗಳಿ ಗೂಡು ಕಟ್ಟಿದ ಹಾಗೆ.

ಅರವತ್ತು ಜನರ ಮುಂದೆ ಎಲ್ಲಿ ಕೆರೆಯುವುದು?
ಬೊಮ್ಮಯ್ಯ ಗಟ್ಟಿ ಬ್ರೇಕು ಒತ್ತಿದಾಗ
ಕಂಬಕ್ಕೆ ವಾಲಿದ ಹಾಗೆ ಮಾಡಿ ಒಮ್ಮೆ ಉಜ್ಜಿಕೊಂಡರೆ
ಅಷ್ಟೇ ಪುಣ್ಯ.
ಚೆಂಡಿಯಾ, ತೋಡೂರು, ಅಮದಳ್ಳಿ.
ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ.

ಮಾಡದ ಮದ್ದಿಲ್ಲ.
ಹಿಮ್ಮಡಿ ಒಡಕಿಗೆ ಇಟ್ಟ ಮುರುಗಲ ತುಪ್ಪ ಅತ್ತೆ ಕೊಟ್ಟರು,
ಮೊಣಕೈಗೆ ಎಂದು ಸುಳ್ಳು ಹೇಳಿದ್ದೆ.
ಪೌಡರು ಸುರಿದೆ, ಬೆವರಿಗೆ ಕಲಸಿ ಹಿಟ್ಟಾಯಿತು.
ಮೆಡಿಕಲ್ಲಿನ ಹುಡುಗನಿಗೆ "ತುರಿಕೆಗೆ" ಅಂದು
ಎಲ್ಲಿಗೆ ಎಂದು ಕೇಳುವ ಮೊದಲೇ ದುಡ್ಡಿಟ್ಟೆ.
ಅವನ ಟ್ಯೂಬು ನಾಲ್ಕು ದಿನ ದೇವರು.
ಬಿಟ್ಟದ್ದೇ ತಡ, ಕೆಂಪಿಗೆ ಅಂಚು ಬಂತು,
ಅಂಚಿನಾಚೆ ಚಿಕ್ಕ ಚಿಕ್ಕ ಗುಳ್ಳೆ.

ರಾತ್ರಿ ಮಾತ್ರ ಬೇರೆ ಲೆಕ್ಕ.
ಚಿಕ್ಕಮ್ಮ ಹೀಗೇ ಮುಚ್ಚಿಕೊಂಡು ಇದ್ದವಳು,
ಮುಚ್ಚಿಕೊಂಡೇ ಹೋದವಳು.

ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ.
ಚೀಟಿಯ ಕಿಂಡಿಯಲ್ಲಿ ಮೀಸೆ ಈಗಷ್ಟೇ ಚಿಗುರಿದವನು.
"ಏನು ತೊಂದರೆ?"
"ಎದೆ," ಅಂದೆ.
"ಎಷ್ಟು ಹೊತ್ತಿಂದ?"
"ಎರಡು ತಿಂಗಳಿಂದ."
ಗಾಲಿಕುರ್ಚಿ ಬಂತು.

ಕನ್ನಡದ ಮೇಲೇ ಸಿಟ್ಟು ಬಂತು ಆವತ್ತು.
ಉಬ್ಬಿಸಿದರೂ ಎದೆ, ಒಡೆದರೂ ಎದೆ,
ಮಗು ಕುಡಿದದ್ದೂ ಎದೆಹಾಲು.
ತುರಿಕೆಗೆ ಮಾತ್ರ ಇನ್ನೊಂದು ಶಬ್ದ ಬೇಕು.
ಮಗನಿಗೆ ಬಿಡಿಸಲು ಬೇವು ಹಚ್ಚಿದ ಮೇಲೆ
ಆ ಶಬ್ದ ನನ್ನ ಬಾಯಿಗೆ ಬಂದದ್ದೇ ಇಲ್ಲ.

ಇಸಿಜಿ ಕೋಣೆಯಲ್ಲಿ ಎಸ್ಪೆರಾನ್ಸಾ ಬಾಯಿ
ತಣ್ಣನೆಯ ಬಟ್ಟಲು ಒಂದೊಂದೇ ಕಚ್ಚಿಸುತ್ತ ಬಂದು
ನಾಲ್ಕನೆಯದಕ್ಕೆ ಜಾಗ ಹುಡುಕಿ ಎತ್ತಿದರು, ನಿಂತರು.
"ಅಯ್ಯೋ ಬಾಯಿ, ಇದು ಯಾವಾಗಿಂದ?"
"ಇದೇ. ಇದಕ್ಕೇ ಬಂದದ್ದು."
ನಾವಿಬ್ಬರೂ ನಕ್ಕ ನಗೆಗೆ ಯಂತ್ರದ ಗೆರೆ ಕುಣಿದು
ಮತ್ತೊಮ್ಮೆ ತೆಗೆಯಬೇಕಾಯಿತು.
ಹೃದಯ ಸರಿ ಉಂಟಂತೆ. ಅದೊಂದು ಲಾಭ.

ಚರ್ಮದ ಡಾಕ್ಟರು ನಿಖತ್ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.
"ಬೆವರು, ತಿಕ್ಕಾಟ, ಗಾಳಿ ಸಿಗದ ಮಡಿಕೆ.
ಉಪ್ಪಿನಕಾಯಿ ಭರಣಿಗೆ ನೀರು ಬಿದ್ದರೆ ಬರುತ್ತದಲ್ಲ,
ಆ ಬೂಷ್ಟಿನ ಬಳಗವೇ.
ನೀವು ಹಚ್ಚಿದ ಟ್ಯೂಬು ಅದಕ್ಕೆ ಊಟ."
ಬೆರಳಲ್ಲಿ ಸುತ್ತ ಒತ್ತಿ ಗಂಟು ಹುಡುಕಿದರು. ಇಲ್ಲ.
"ತೊಟ್ಟಿನ ಮೇಲೇ, ಒಂದೇ ಕಡೆ, ಹಕ್ಕಳೆ ಕಟ್ಟಿ
ಮುಲಾಮಿಗೆ ಬಗ್ಗದೆ ಕೂತರೆ ಕಾಯಬೇಡಿ, ಬನ್ನಿ."
ಚಿಕ್ಕಮ್ಮನ ವಿಷಯ ಆಗ ಹೇಳಿದೆ.
ಅವರು ಪೆನ್ನು ಕೆಳಗಿಟ್ಟು ಕೇಳಿದರು.
ಸರದಿಯಲ್ಲಿ ಹೊರಗೆ ಇಪ್ಪತ್ತು ಜನ.

ಈಗ ಬುತ್ತಿಯ ಜೊತೆ ಹಳೇ ಧೋತರದ ತುಂಡು.
ಅಂಕೋಲೆ ಸ್ಟ್ಯಾಂಡಿನ ಹೆಂಗಸರ ಕೋಣೆಯಲ್ಲಿ
ಒತ್ತಿ ಒರೆಸುತ್ತೇನೆ, ತಿಕ್ಕುವುದಿಲ್ಲ;
ಒದ್ದೆಯದು ಚೀಲಕ್ಕೆ, ಒಣಗಿದ ಹತ್ತಿಯದು ಮೈಗೆ.
ಬ್ಯಾಗಿಗೆ ದಿನಕ್ಕೊಂದು ಹೆಗಲು.
ತುರಿಕೆ ಎಂಟನೇ ದಿನಕ್ಕೆ ಹೋಯಿತು,
ಮುಲಾಮು ಮೂರು ವಾರ ಹಚ್ಚಿದೆ;
ಕಂಡಕ್ಟರಳಿಗೆ ಲೆಕ್ಕ ಅಂದರೆ ಲೆಕ್ಕ.

ಮೊನ್ನೆ ಬೇಲೆಕೇರಿ ಕ್ರಾಸಿನಲ್ಲಿ ಹತ್ತಿದಳು ಒಬ್ಬಳು,
ಸಿಗಡಿ ಬುಟ್ಟಿ, ಸೆರಗಿನೊಳಗೆ ಕೈ,
ಕಣ್ಣು ಕಿಟಕಿಯ ಹೊರಗೆ, ಏನನ್ನೂ ನೋಡದೆ.
ಆ ನೋಟ ನನಗೆ ಗೊತ್ತು.
ಅವಳ ಶೂನ್ಯ ಟಿಕೆಟ್ಟಿನ ಬೆನ್ನಿಗೆ
ಡಾಕ್ಟರ ಹೆಸರು ಬರೆದು ಕೊಟ್ಟೆ,
ಕಿವಿಯ ಹತ್ತಿರ ಬಗ್ಗಿ ಹೇಳಿದೆ:
"ಕಿಂಡಿಯಲ್ಲಿ ಎದೆ ಅನ್ನಬೇಡ ಮಾರಾಯ್ತಿ,
ಮೊಲೆ ಅನ್ನು."

ಹಿಂದಿನ ಸೀಟಿನ ಗಂಡಸೊಬ್ಬ ಕೆಮ್ಮಿದ.
ನಾನು ಸೀಟಿ ಊದಿದೆ.