ಕೆಂಪು ಚೌಕ

ಗುಳೇದಗುಡ್ಡದ ಶಾಖಾ ಗ್ರಂಥಾಲಯದಾಗ
ಮೂರನೇ ಕಪಾಟಿನ ಪತ್ತೇದಾರಿ ಕಾದಂಬರಿಗಳು
ಎಲ್ಲಕ್ಕಿಂತ ಮೊದಲು ಬೆನ್ನು ಮುರಕೋತಾವ.
ಇಪ್ಪತ್ತೆರಡು ವರ್ಷ ಅವಕ್ಕ ಗೋಂದು ಹಚ್ಚೀನಿ,
ಒಂದನ್ನೂ ಓದಿದಾಕಿ ಅಲ್ಲ.
ಮಿಠಾಯಿ ಅಂಗಡಿಯವರು ಮಿಠಾಯಿ ತಿಂತಾರೇನು?

ದೀಪಾವಳಿ ಮುಗಿದ ವಾರ ಕಾಡಪ್ಪ ಮಾಸ್ತರು
ಪುಸ್ತಕ ತಂದು ಟೇಬಲ್ ಮ್ಯಾಲೆ ಕುಕ್ಕಿದರು:
"ನೋಡ್ರಿ ಬಾಯಾರ, ಎಂಬತ್ತೊಂದನೇ ಪುಟ.
ಖೂನಿ ಮಾಡಿದಾಂವನ ಹೆಸರಿಗೆ
ಯಾರೋ ಕೆಂಪು ಪೆನ್ಸಿಲ್ಲಿಲೆ ಗುರ್ತು ಹಾಕ್ಯಾರ.
ಇನ್ನ ಮುಂದ ಏನು ಓದಲಿ, ನನ್ನ ತಲಿ?"

ಗುರ್ತು ದುಂಡಗಿರಲಿಲ್ಲ. ಚೌಕ.
ನಡುವ ಒಂದು ಚುಕ್ಕಿ.

ಹುಡುಕಿದರ ಇನ್ನೂ ಹನ್ನೊಂದು ಪುಸ್ತಕದಾಗ ಸಿಕ್ತು.
ಪತ್ತೇದಾರರಿಗೆ ಭೂತಗನ್ನಡಿ ಇರತೈತಂತ,
ನನಗ ಇದ್ದದ್ದು ತಾರೀಖಿನ ಚೀಟಿ, ಒಂದು ಶಿಕ್ಕಾ,
ಮತ್ತ ಯಾರು ಹಾಳ್ಯಾಗ ಏನು ಬೀಳಸ್ತಾರ ಅನ್ನೂ ಜ್ಞಾನ.
ಮಾಸ್ತರ ಪುಟದಾಗ ತಪಕೀರು.
ಕಟಿಂಗ್ ಅಂಗಡಿ ಇಮಾಮಸಾಬನ ಪುಟದಾಗ ಯಾರದೋ ನರಿಗೂದಲ.
ಪೊಲೀಸ್ ಪರೀಕ್ಷಾಕ್ಕ ಓದೂ ಹುಡುಗರದು ಮಿರ್ಚಿ ಎಣ್ಣಿ.
ಕೆಂಪು ಪೆನ್ಸಿಲ್ ಯಾರ ಕಿಸೆದಾಗೂ ಇಲ್ಲ.
ಹನ್ನೆರಡೂ ಚೀಟಿಯೊಳಗ ಇರೂ ಒಂದ ನಂಬರೂ ಇಲ್ಲ.
ಅಂದರ ಆಂವ ಪುಸ್ತಕ ಮನಿಗೆ ಒಯ್ಯೂದಿಲ್ಲ,
ಇಲ್ಲೇ ಕುಂತು ಓದ್ತಾನ.
'ಆಂವ' ಅಂದಕೊಂಡೆ. ಅಲ್ಲೇ ತಪ್ಪಿದೆ.

ಕರೆಂಟ್ ಹೋದ ಒಂದು ಮಧ್ಯಾಹ್ನ
ಮಾಸ್ತರು ಅರ್ಧಕ್ಕ ಬಿಟ್ಟ ಪುಸ್ತಕ ಕಿಡಕಿ ಬೆಳಕಿಗೆ ಹಿಡಿದು
ಕಡೀತನಕ ಓದಿದೆ.
ಖೂನಿ ಮಾಡಿದಾಂವ ಬ್ಯಾರೆ!
ಚೌಕದಾಗ ಸಿಕ್ಕಾಂವ ಹಾಲು ಹಾಕಾಂವ, ಪಾಪ, ಏನೂ ಅರಿಯದಾಂವ.
ಉಳಿದ ಹನ್ನೊಂದೂ ಓದಿದೆ,
ಒಲಿ ಮ್ಯಾಲಿನ ಬ್ಯಾಳಿ ಎರಡು ಸಲ ಹತ್ತಿಸಿಕೊಂಡು.
ಎಲ್ಲಾ ತಪ್ಪು.
ಊರಿಗೆ ಊರೇ ಒಂದು ಪೆನ್ಸಿಲ್ ಮಾತು ನಂಬಿ
ಪುಸ್ತಕ ಮುಚ್ಚಿ ತಂದು ಕೊಟ್ಟಿತ್ತು.

ಇದು ಗೊತ್ತಿದ್ದವರ ಕಿಡಿಗೇಡಿತನ ಅಲ್ಲ,
ಗೊತ್ತಿಲ್ಲದವರ ಪೈಜು.

ಆ ರಾತ್ರಿ ಕುಬಸ ಬಿಚ್ಚೂವಾಗ
ತೋಳು ಕಣ್ಣಿಗೆ ಬಿತ್ತು.
ಖಣದ ತುಂಬ ಸಾಲಿಗೆ ಸಾಲು
ಚೌಕ, ನಡುವ ಚುಕ್ಕಿ. ಚೌಕ, ನಡುವ ಚುಕ್ಕಿ.
ಪುರಾವೆ ದಿನಾ ನನ್ನ ಮೈ ಮ್ಯಾಲೇ ಕುಂತು
ಡ್ಯೂಟಿಗೆ ಬಂದು ಹೋಗತಿತ್ತು.

ಖಣ ನೇಯೂ ಮೊದಲು ಗ್ರಾಫ್ ಹಾಳಿ ಮ್ಯಾಲೆ ನಕ್ಷೆ ಬರೀತಾರ,
ಮನಿ ಮನಿ ಎಣಿಸಿ ಕೆಂಪು ತುಂಬ್ತಾರ,
ಆಮ್ಯಾಲ ರಟ್ಟಿಗೆ ತೂತು, ಆಮ್ಯಾಲ ಮಗ್ಗ.

ಮರುದಿನ ಸಂಜಿ
'ಮಹಿಳೆಯರಿಗೆ' ಅಂತ ಬರೆದ ಬೆಂಚಿನ ಕಡೆ ನೋಡಿದೆ.
ಯಾರೂ ಕೂಡೂದಿಲ್ಲಂತ ನಾ ಎಂದೂ ನೋಡದ ಬೆಂಚು.
ಸಂಕವ್ವ ಬಾರಿಗಿಡದ.
ಮುಂದ ಅಗಲಿಸಿದ ಪೇಪರು, ಪೇಪರಿನೊಳಗ ಕಾದಂಬರಿ,
ಕಿವಿ ಮ್ಯಾಲೆ ಕೆಂಪು ಪೆನ್ಸಿಲ್.
ಬಾಗಲಾ ಹಾಕೂ ಮುಂಚಿನ ಅರ್ಧ ತಾಸು ಅಕಿದು.
ನಾಕು ದಿನಕ್ಕ ಎಂಬತ್ತು ಪುಟ.
ಐದನೇ ದಿನ ಆ ಪುಸ್ತಕ
ಕಾರ್ಡ್ ಇದ್ದವರ ಮನಿ ಸೇರಿರತೈತಿ.
ಕಾರ್ಡಿಗೆ ಜಾಮೀನು ಬೇಕು,
ಜಾಮೀನಿಗೆ ಸರ್ಕಾರಿ ನೌಕರರ ಸಹಿ ಬೇಕು.

ಕಾದಂಬರ್ಯಾಗಾದರ ಕಡೀಕ
ಎಲ್ಲಾರನ್ನೂ ಒಂದು ಖೋಲ್ಯಾಗ ಕೂಡಿಸಿ ಹೆಸರು ಹೇಳ್ತಾರ.
ನಾ ಹೇಳಲಿಲ್ಲ.
ಪುಸ್ತಕದಾಗ ಗೀಚಬಾರದು ಅಂತ ಗ್ವಾಡಿಗೆ ಬರೆಸಿದಾಕಿ ನಾನ,
ಹಾಲಿನಾಂವನ ಚೌಕದ ಕೆಳಗ
ಹಸಿರು ಶಾಯಿಲೆ ಬರೆದೆ: ಅಲ್ಲ.
ಮೂರನೇ ದಿನ, ಅದರ ಕೆಳಗ ಕೆಂಪು:
ಹಂಗಾರ ಯಾರು?

ಅರ್ಜಿ ಫಾರ್ಮು ಪುಟ ಎಂಬತ್ತೊಂದರಾಗ ಇಟ್ಟೆ,
ಜಾಮೀನಿನ ಗೆರಿ ಮ್ಯಾಲೆ ನನ್ನ ಸಹಿ ಮಾಡಿ.

ಈಗ ಮಾಸ್ತರು ಚೌಕ ಕಂಡರೂ ಕಡೀತನಕ ಓದ್ತಾರ,
"ಕಳ್ಳ ಸಿಕ್ಕನೇನ್ರಿ?" ಅಂತ ವಾರಕ್ಕೊಮ್ಮೆ ಕೇಳ್ತಾರ.
ತನಿಖೆ ನಡದೈತ್ರಿ, ಅಂತೀನಿ.

ಸಂಕವ್ವ ಕಾರ್ಡ್ ಸಿಕ್ಕ ಮ್ಯಾಲೂ ಚೌಕ ಬಿಟ್ಟಿಲ್ಲ.
ಮೊನ್ನೆ ಒಂದರ ಕಡೀ ಪುಟದಾಗ ಬರೆದಿದ್ದಳು:
ವಕೀಲ ಅಲ್ಲ, ಅವನ ತಂಗಿ. ಬರೆದಾಂವಗ ಗೊತ್ತಾಗಿಲ್ಲ.
ಹಸಿರು ಪೆನ್ನಿನ ಮುಚ್ಚಳ ತೆಗೆದೆ.
ಮತ್ತ ಮುಚ್ಚಿದೆ.
ಕಪಾಟಿಗೆ ಇಡಲಿಲ್ಲ, ಚೀಲದಾಗ ಹಾಕ್ಕೊಂಡೆ,
ತಂಗಿ ಬಂದ ಪುಟಗಳನ್ನ
ಇನ್ನೊಮ್ಮೆ ನೋಡಬೇಕು.