ಬಿಸಿಯಾದ ಮೇಲೆ

"ತಣ್ಣಗಿದ್ದಾಗ ಎಲ್ಲವೂ ಓಡುತ್ತವೆ, ಮೆರಿಲ್"
ಅಂದೆ, ಬಾನೆಟ್ಟಿನ ಮೇಲೆ ಅಂಗೈ ಊರಿ.
ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು.
"ಮೊದಲು ಬಿಸಿಯಾಗಲಿ. ಆಮೇಲೆ ಮಾತು."

ಮೆರಿಲ್ ಓಪ್ಸಾಲ್ ಟೋಪಿ ತೆಗೆದು ತಲೆ ಕೆರೆದುಕೊಂಡ.
"ನಲವತ್ತು ನಿಮಿಷ ಓಡುತ್ತೆ, ಐಡೆಲಾ.
ಆಮೇಲೆ ಏರು ಹತ್ತೋದಿಲ್ಲ.
ಕಾಲು ಗಂಟೆ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಸರಿ.
ಸುಳ್ಳು ಹೇಳಿ ಮಾರಬಹುದಿತ್ತು. ಆದರೆ ಭಾನುವಾರ ಚರ್ಚಿನಲ್ಲಿ
ನಿನ್ನ ಹಿಂದಿನ ಬೆಂಚಿನಲ್ಲೇ ಕೂರಬೇಕಲ್ಲ ನಾನು."

ಬೆಲೆ ನಾನೂರು ಡಾಲರ್.
ರಟ್ಟಿನ ಮೇಲೆ ಮೊದಲು ಆರುನೂರು ಅಂತಿತ್ತು;
ಹೊಡೆದುಹಾಕಿದ್ದೂ ಅವನೇ.

ಇಪ್ಪತ್ತಾರು ವರ್ಷ ಈ ವಿಸ್ಕಾನ್ಸಿನ್ ದಿಬ್ಬಗಳಲ್ಲಿ
ಶಾಲೆಯ ಬಸ್ಸು ಓಡಿಸಿದವಳು ನಾನು.
ಹಿಂದಿನ ಸೀಟಿನ ಹುಡುಗರ ಗುಸುಗುಸುವಿಗಿಂತ ಮೊದಲು
ಗೇರಿನ ನರಳಾಟ ನನ್ನ ಕಿವಿಗೆ ಬೀಳುತ್ತಿತ್ತು.
ಹಸು ಕೊಳ್ಳಲು ಬಂದಿದ್ದರೆ
ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದೆ.
ಈ ಹುಲ್ಲು ಕತ್ತರಿಸುವ ಗಾಡಿಗೆ ನೋಡಲು ಹಲ್ಲೂ ಇಲ್ಲ:
ಹೊಟ್ಟೆಯೊಳಗೆ ಬರೀ ಎಣ್ಣೆ, ಒಂದು ಸವೆದ ಪಂಪು.
ಎಣ್ಣೆಯ ಒತ್ತಡವೇ ಇದರ ಕಾಲು.
ಕಾದರೆ ಎಣ್ಣೆ ನೀರು, ನೀರಾದರೆ ಕಾಲು ಕುಸಿತ.
ಎತ್ತು ಏರಿಗೆ, ಕೋಣ ನೀರಿಗೆ:
ಎರಡನ್ನೂ ಒಂದೇ ತಗಡಿನ ಕೆಳಗೆ ಕಟ್ಟಿದ್ದಾರೆ.

ಹತ್ತಿ ಕೂತೆ. ಸೀಟಿನ ಹರುಕಿಗೆ ಬೆಳ್ಳಿ ಬಣ್ಣದ ಟೇಪು,
ಬ್ಯಾಟರಿಯ ಪಕ್ಕ ಇಲಿಯ ಗೂಡು,
ಅದರಲ್ಲಿ ಚೂರು ಚೂರಾದ ಕರೆಂಟ್ ಬಿಲ್ಲು.
ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿದೆ, ಇಳಿದೆ,
ಹತ್ತಿದೆ, ಇಳಿದೆ. ಮೆರಿಲ್ ಗಡಿಯಾರ ನೋಡುತ್ತ ನಿಂತಿದ್ದ,
ಓಟದ ಪಂದ್ಯಕ್ಕೆ ಮಗಳನ್ನು ಕರೆತಂದವನ ಹಾಗೆ.
ಮೂವತ್ತೆಂಟನೇ ನಿಮಿಷಕ್ಕೆ ಕೆಳಗಿನಿಂದ ಒಂದು ಕೊಯ್ಯೆನ್ನುವ ಸದ್ದು.
ನಲವತ್ತೊಂದಕ್ಕೆ ಪೆಡಲ್ ಪೂರ್ತಿ ಒತ್ತಿದ್ದೆ,
ಎಂಜಿನ್ ಗರ್ಜಿಸುತ್ತಿತ್ತು, ಗಾಡಿ ಮಾತ್ರ
ಯಾವುದೋ ಹಳೆಯ ಸಂಗತಿ ನೆನಪಾದಂತೆ ನಿಂತುಬಿಟ್ಟಿತು.
ರಿವರ್ಸ್ ಹಾಕಿದೆ. ಸಲೀಸಾಗಿ ಹಿಂದಕ್ಕೆ ಹೋಯಿತು!
ಮೆರಿಲ್ ನಕ್ಕ. "ಅದನ್ನ ಹೇಳೋಕೆ ಮರೆತಿದ್ದೆ."

ಲೆಕ್ಕ ಹೀಗೆ: ಹೊಸ ಟ್ರಾನ್ಸ್‌ಮಿಷನ್‌ಗೆ ಒಂಬೈನೂರು.
ಹುಲ್ಲು ಕೊಯ್ಯುವ ಹುಡುಗನಿಗೆ ಸಲಕ್ಕೆ ಐವತ್ತು,
ಮೇಯಿಂದ ಅಕ್ಟೋಬರಿಗೆ ಇಪ್ಪತ್ತೆರಡು ಸಲ.
ನನ್ನ ಅಂಗಳಕ್ಕೆ ಬೇಕಾದದ್ದು ಐವತ್ತೈದು ನಿಮಿಷ.
ಅಂದರೆ ನಲವತ್ತಕ್ಕೆ ಇದು ಎಲ್ಲಿ ನಿಲ್ಲುತ್ತದೆ?

ಕಣ್ಣುಮುಚ್ಚಿ ಅಂಗಳವನ್ನೆಲ್ಲ ಕೊಯ್ದೆ.
ರಸ್ತೆಯ ಕಡೆಯಿಂದ ಶುರು ಮಾಡಿದರೆ, ಕಾಡುಸೇಬಿನ ಮರದಡಿ,
ಕಾರ್ಲಿಸ್ ನ್ಯೂಗಾರ್ಡ್‌ಳ ಬೇಲಿಗೆ ಮೊಳದ ದೂರದಲ್ಲಿ.
ಪ್ರತಿ ಶನಿವಾರ, ಕಾಲು ಗಂಟೆ.
ಅವಳು ಬಟ್ಟೆ ಒಣಹಾಕುವ ಹೊತ್ತು.

ಮೂರು ವರ್ಷದಿಂದ ಮಾತಿಲ್ಲ ನಮಗೆ.
ಲೆಫ್ಸೆ ಬೇಯಿಸಲು ಅವಳ ಅಜ್ಜಿಯ ಹಂಚನ್ನು ಎರವಲು ತಂದಿದ್ದೆ.
ವಾಪಸ್ಸು ಕೊಟ್ಟಾಗ ನಡುವೆ ಒಂದು ಗೀರು.
ಮೊದಲೇ ಇತ್ತು, ಅಂದೆ.

ಇರಲಿಲ್ಲ.

ಕೊಟ್ಟಿಗೆಯ ಕಡೆಯಿಂದಲೂ ಶುರು ಮಾಡಬಹುದು.
ಆಗ ಗ್ಯಾಸ್ ಟ್ಯಾಂಕಿನ ಪಕ್ಕ ನಿಲ್ಲುತ್ತದೆ,
ಯಾರೂ ಇಲ್ಲದ ಕಡೆ, ಬರೀ ತುರಿಕೆ ಗಿಡ.
ಗಾಡಿಯ ಕಾಯಿಲೆ ಗಾಡಿಯದು,
ಯಾವ ಮೂಲೆಯಿಂದ ಹೊರಡಬೇಕೆನ್ನುವುದು ನನ್ನದು.

"ಮುನ್ನೂರೈವತ್ತು" ಅಂದೆ.
"ಮುನ್ನೂರ ಎಪ್ಪತ್ತೈದು. ನಾನೇ ಟ್ರೈಲರಿನಲ್ಲಿ ತಂದಿಳಿಸುತ್ತೇನೆ."
"ಇಲಿಯ ಗೂಡು ತೆಗೆದು."
"ಗೂಡು ತೆಗೆದು."

ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.
ಕೈಗವಸು ಒಂದು ಸಿಕ್ಕಿತು, ಇನ್ನೊಂದು ಸೀಟಿನಡಿ ಬಿದ್ದಿತ್ತು.
ಎತ್ತಲು ಬಾಗಿದಾಗ ಮುಖಕ್ಕೆ ಬಿಸಿ ಹಬೆ,
ಸುಟ್ಟ ಎಣ್ಣೆ, ಹೋದ ವರ್ಷದ ಹುಲ್ಲು.
"ಇನ್ನೂ ಎಂಟು ನಿಮಿಷ" ಅಂದ ಮೆರಿಲ್.
ದಿಬ್ಬದ ನಡುವೆ, ತಲೆಕೆಳಗಿಟ್ಟ ಎರಡು ಬಕೆಟ್ಟಿನ ಮೇಲೆ ಕೂತು
ಅದು ತಣಿಯುವವರೆಗೆ
ನಾವು ಕಾದೆವು.